ಬಲಮುರಿ ನಕ್ಷತ್ರಸುಳಿ

ಐದು ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕೊಂದು, ದಾರಿಯಲ್ಲಿ ಎಲ್ಲಿಯೂ ತಂಗದೆ, ಯಾರನ್ನೂ ನೋಯಿಸದೆ ಬಂದು, ಕೊನೆಗೆ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಸೀನಪ್ಪನ ಬೆಳಗಿನ ಕಾಫಿಯನ್ನು ಕೆಡಿಸಿತು.

ಅದು ತೊಂಬತ್ತನಾಲ್ಕನೆಯ ಇಸವಿ, ಆಷಾಢದ ಒಂದು ಸೋಮವಾರ. ಜಗಲಿಯ ಮೇಲೆ ಕುಳಿತು ಲೋಟವನ್ನು ತುಟಿಗೆ ತಂದ ಸೀನಪ್ಪನಿಗೆ ಎದುರುಮನೆ ವೇಣುಗೋಪಾಲನ ಬಾಗಿಲಲ್ಲಿ ಹತ್ತು ಹನ್ನೆರಡು ಜನ ಗುಂಪುಗೂಡಿರುವುದು ಕಾಣಿಸಿತು. ಸಾವಾಗಿದ್ದರೆ ಅಳು ಕೇಳಬೇಕಿತ್ತು. ಜಗಳವಾಗಿದ್ದರೆ ಬೈಗುಳ ಕೇಳಬೇಕಿತ್ತು. ಎರಡೂ ಇಲ್ಲದೆ ಜನ ಗೋಡೆಯ ಕಡೆ ಮುಖ ಮಾಡಿ, ಬಾಯಿ ಅರೆತೆರೆದು, ಮಂಗಳಾರತಿಗೆ ಕಾದವರಂತೆ ನಿಂತಿದ್ದರು. ಇಂಥ ಮೌನವನ್ನು ಸೀನಪ್ಪ ಈ ಬೀದಿಯಲ್ಲಿ ಒಂದೇ ಒಂದು ಕಡೆ ಕಂಡಿದ್ದ: ತನ್ನ ಗ್ರಾಫುಗಳ ಮುಂದೆ.

ಸೀನಪ್ಪ ಸೀರೆಗಳಿಗೆ ಚಿತ್ತಾರ ಬರೆಯುವವನು. ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆಗೆ ಬಣ್ಣ ತುಂಬಿ ಅವನು ಗ್ರಾಫ್ ಬರೆದರೆ, ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ಆ ಕಾರ್ಡುಗಳನ್ನು ಹಾರದಂತೆ ಕಟ್ಟಿ ಮಗ್ಗದ ನೆತ್ತಿಗೇರಿಸುತ್ತಿದ್ದರು. ಮೇಲೆ ಹಾರ ತಿರುಗಿದಂತೆ ಕೆಳಗೆ ಸೆರಗಿನಲ್ಲಿ ಹೂವು, ಹಂಸ, ತೇರು ಒಂದೊಂದೇ ಎಳೆಯಾಗಿ ಮೂಡುತ್ತಿದ್ದವು. ಪ್ರತಿ ಆಷಾಢದಲ್ಲಿ ಬೆಂಗಳೂರಿನ ಚಿಕ್ಕಪೇಟೆಯಿಂದ ಸೀರೆ ವ್ಯಾಪಾರಿ ನಂದಕುಮಾರ್ ಬಂದು ದೀಪಾವಳಿಗೆ ಒಂದು ಚಿತ್ತಾರವನ್ನು ಆರಿಸುವುದು ವಾಡಿಕೆ. ಅವರು ಆರಿಸಿದ್ದು ಬೀದಿಯ ಮೂವತ್ತೆರಡು ಮಗ್ಗಗಳ ಮೇಲೂ ವರ್ಷವಿಡೀ ಓಡುತ್ತಿತ್ತು. ಬರೆದವನ ಹೆಸರು ಅಷ್ಟು ದಿನವೂ ಆ ಮಗ್ಗಗಳ ಸದ್ದಿನಲ್ಲಿ ಬೆರೆತಿರುತ್ತಿತ್ತು. ಹದಿನೆಂಟು ವರ್ಷ ಆ ಹೆಸರು ಸೀನಪ್ಪನದೇ. ಈ ವರ್ಷಕ್ಕೆಂದು ಅವನು ಬರೆದಿದ್ದ ಪೂರ್ಣಕಳಶದ ಸ್ಯಾಂಪಲ್ ಆಗಲೇ ಮಡಿಚಿ ಸಿದ್ಧವಾಗಿತ್ತು. ನಂದಕುಮಾರ್ ಅಂದೇ ಸಂಜೆ ನಾಲ್ಕು ಗಂಟೆಗೆ ಬರುವವರಿದ್ದರು.

ವೇಣುಗೋಪಾಲ ಆರು ವರ್ಷ ಸೀನಪ್ಪನ ಪಕ್ಕದಲ್ಲಿ ಕುಳಿತು ಬಣ್ಣ ಕಲಸಿದ ಶಿಷ್ಯ. ವಿಧೇಯ, ಮಿತಭಾಷಿ. ಆ ವಿಧೇಯತೆಯಾಚೆಗೆ ಅವನಲ್ಲಿ ಬೇರೆ ಪ್ರತಿಭೆಯೇನೂ ಇಲ್ಲವೆಂಬುದು ಸೀನಪ್ಪನ ಖಚಿತ ಅಭಿಪ್ರಾಯ. ಅಂಥವನು ಈಗ ಗುಂಪನ್ನು ಸೀಳಿಕೊಂಡು, ಬಣ್ಣದ ಪುಟವೊಂದನ್ನು ಎರಡೂ ಕೈಯಲ್ಲಿ ಹಿಡಿದು, ಬೀದಿ ದಾಟಿ ಬಂದ.

"ಗುರುಗಳೇ, ಒಂದ್ಸಲ ನೋಡ್ಬಿಡಿ. ಅವೆನ್ಯೂ ರೋಡಿನ ಫುಟ್‌ಪಾತಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ತು. ಇದನ್ನ ಇಟ್ಕೊಂಡೇ ಈ ಸಲ ಒಂದು ಗ್ರಾಫ್ ಬರೆದಿದ್ದೀನಿ. ನೀವು ನೋಡ್ದೆ ಹೋದ್ರೆ ನಂಗೆ ಸಮಾಧಾನ ಇಲ್ಲ."

"ಕನ್ನಡಕ ಒಳಗಿದೆ ಕಣಯ್ಯ," ಎಂದ ಸೀನಪ್ಪ.

ಕನ್ನಡಕ ಅವನ ಮೂಗಿನ ಮೇಲೆಯೇ ಇತ್ತು. ವಿಧೇಯನಾದ ಶಿಷ್ಯ ಅದನ್ನು ಕಾಣದವನಂತೆ ತಲೆಬಾಗಿಸಿ ಹಿಂದಿರುಗಿದ. ಸೀನಪ್ಪ ಲೋಟದ ಕಾಫಿಯನ್ನು ಒಂದು ಗುಟುಕು ಕುಡಿದು, ಸಕ್ಕರೆ ಹಾಕಿಲ್ಲವೆಂದು ಹೆಂಡತಿಯನ್ನು ಕೂಗಿದ. ವರಲಕ್ಷ್ಮಮ್ಮ ಬಂದು, ಅದೇ ಲೋಟದಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿ, ಲೋಟವನ್ನು ಅವನ ಮುಂದೆಯೇ ಇಟ್ಟು ಒಳಗೆ ಹೋದಳು.

ಒಂಬತ್ತು ಗಂಟೆಯ ಹೊತ್ತಿಗೆ ಕದಿರಮ್ಮ ಬಂದಳು. ವೇಣುಗೋಪಾಲನ ಶೆಡ್ಡಿನಲ್ಲಿ ನೂಲು ಸುತ್ತುವ ಈ ಮುದುಕಿ ಸುದ್ದಿಯನ್ನೂ ನೂಲಿನಂತೆಯೇ ಒಂದು ಮನೆಯಿಂದ ಇನ್ನೊಂದು ಮನೆಗೆ ಸುತ್ತುತ್ತಿದ್ದಳು. ತಾನು ಕೇಳದಿದ್ದರೂ ಅವಳು ಹೇಳುವಳೆಂಬ ಧೈರ್ಯದಿಂದ ಸೀನಪ್ಪ ಬೇಕೆಂದೇ ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ.

"ಆಕಾಶದಾಗೆ ಒಂದು ದುರ್ಬೀನು ಬಿಟ್ಟವ್ರಂತೆ ಕಣಪ್ಪಾ," ಎಂದಳು ಕದಿರಮ್ಮ. "ಮೊದಲು ಅದಕ್ಕೆ ಕಣ್ಣು ಮಂಜಂತೆ. ಹೋದ ವರ್ಷ ಮೇಲಕ್ಕೇ ಹೋಗಿ ಕನ್ನಡಕ ಹಾಕ್ಬಂದವ್ರೆ. ಈಗ ನಿನಗಿಂತ ಚೆನ್ನಾಗಿ ಕಾಣ್ತದಂತೆ."

ಆ ದುರ್ಬೀನು ತೆಗೆದ ಪಟಗಳು ಆರು ಇವೆಯೆಂದೂ, ಗೋಡೆಗೆ ಸಾಲಾಗಿ ಅಂಟಿಸಿದ್ದಾರೆಂದೂ, ಒಂದರಲ್ಲಿ ನಕ್ಷತ್ರಗಳು ಹುಟ್ಟುವ ಕೆಂಪು ಮೋಡವಿದೆಯೆಂದೂ, ಅದು ಬಾಣಂತಿ ಕೋಣೆಯ ಹೊಗೆಯ ಹಾಗಿದೆಯೆಂದೂ ಅವಳು ವಿವರಿಸಿದಳು. ವೇಣುಗೋಪಾಲನ ಹೆಂಡತಿ ಪದ್ಮಶ್ರೀ, ಹೈಸ್ಕೂಲಿನ ಮೇಡಮ್ಮು, ಇಂಗ್ಲಿಷನ್ನು ಓದಿ ಓದಿ ಬೀದಿಗೆಲ್ಲ ಅರ್ಥ ಹೇಳುತ್ತಿದ್ದಾಳಂತೆ. ಎಲ್ಲಕ್ಕಿಂತ ದೊಡ್ಡ ಪಟದಲ್ಲಿ ಕೋಟಿಗಟ್ಟಲೆ ನಕ್ಷತ್ರಗಳು ಒಂದೇ ಸುಳಿಯಾಗಿ ಸುತ್ತಿಕೊಂಡಿವೆ. ಅದರ ಬೆಳಕು ಇಲ್ಲಿಗೆ ಬರಲು ಐದು ಕೋಟಿ ವರ್ಷ ಹಿಡಿದಿದೆ. ಅಷ್ಟು ಹಳೆಯ ದೀಪದ ಎಣ್ಣೆ ಇನ್ನೂ ಮುಗಿದಿಲ್ಲವೇ ಎಂದು ತಾನು ಕೇಳಿದ್ದಕ್ಕೆ, ಮುಗಿದಿದ್ದರೂ ನಮಗಿನ್ನೂ ಗೊತ್ತಾಗಿಲ್ಲ ಅಜ್ಜಿ ಎಂದು ಮೇಡಮ್ಮು ನಕ್ಕರಂತೆ.

"ಅದನ್ನೇ ವೇಣು ಸೆರಗಿಗೆ ಇಳಿಸವ್ನೆ. ಮೆಕಾನಿಕ್ ಕೊಂಡಪ್ಪ ಕಾರ್ಡು ಕಟ್ತಾ ಕೂತವ್ನೆ, ಮಧ್ಯಾಹ್ನಕ್ಕೆ ಸ್ಯಾಂಪಲ್ ಬೀಳ್ತದೆ. ನೀನೂ ಬಂದು ನೋಡಪ್ಪಾ. ಕಣ್ಣು ತಂಪಾಗ್ತದೆ."

ಸೀನಪ್ಪನ ಹೊಟ್ಟೆಯೊಳಗೆ ಮಗ್ಗವೊಂದು ನೂಲಿಲ್ಲದೆ ಓಡತೊಡಗಿತು.

ನೋಡಬೇಕು, ಆದರೆ ನೋಡಲು ಬಂದನೆಂದು ಯಾರಿಗೂ ತಿಳಿಯಬಾರದು. ಎರಡು ಮನೆಗಳ ನಡುವೆ ಬೀದಿ ನಲ್ಲಿಯಿತ್ತು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಒಂದು ಚೊಂಬು ನೀರೂ ಹೊತ್ತು ತಾರದ ಸೀನಪ್ಪ ಅಡುಗೆಮನೆಗೆ ಹೋಗಿ ಹಿತ್ತಾಳೆಯ ಬಿಂದಿಗೆಯನ್ನು ಎತ್ತಿಕೊಂಡ. ಅದರಲ್ಲಿ ಆಗಲೇ ನೀರು ತುಂಬಿತ್ತು. ಅದನ್ನು ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದು, ಖಾಲಿ ಬಿಂದಿಗೆಯೊಡನೆ ಬೀದಿಗೆ ಬಂದ. ವರಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಬಾಗಿಲವರೆಗೆ ಬಂದು ನಿಂತು ನೋಡಿದಳು. ಇಷ್ಟು ವರ್ಷಗಳಲ್ಲಿ ಅವಳು ಕಂಡ ಅದ್ಭುತಗಳಲ್ಲಿ ಎದುರುಮನೆಯ ಪಟಗಳಿಗಿಂತ ಇದೇ ದೊಡ್ಡದು.

ನಲ್ಲಿಯ ಕೆಳಗೆ ಬಿಂದಿಗೆಯಿಟ್ಟು ಸೀನಪ್ಪ ಮೆಲ್ಲನೆ ಕತ್ತೆತ್ತಿದ.

ಕಪ್ಪೆಂದರೆ ಅಂಥ ಕಪ್ಪನ್ನು ಅವನು ಯಾವ ಬಣ್ಣದ ಬಟ್ಟಲಿನಲ್ಲಿಯೂ ಕಲಸಿರಲಿಲ್ಲ. ಆ ಕಪ್ಪಿನ ನಡುವೆ ಹಾಲುಗೆನೆಯಂಥ ಒಂದು ಬಿಂದು. ಆ ಬಿಂದುವಿನಿಂದ ಬಿಚ್ಚಿಕೊಂಡು ಹೊರಟ ಎರಡು ತೋಳುಗಳು. ತೋಳುಗಳ ಉದ್ದಕ್ಕೂ ನೀಲಿ, ಅಲ್ಲಲ್ಲಿ ಗುಲಾಬಿ, ಅಂಚಿನಲ್ಲಿ ಪುಡಿಪುಡಿಯಾದ ಬೆಳ್ಳಿ. ನಿಂತಿದೆಯೆಂದು ಕಣ್ಣು ಹೇಳಿದರೆ ತಿರುಗುತ್ತಿದೆಯೆಂದು ಮನಸ್ಸು ಹೇಳುತ್ತಿತ್ತು. ನೋಡುತ್ತ ನೋಡುತ್ತ ಸೀನಪ್ಪನಿಗೆ ತಾನು ಹದಿನೆಂಟು ವರ್ಷ ಬರೆದದ್ದೆಲ್ಲ ಸಂತೆಯಲ್ಲಿ ಮಾರುವ ಬಳೆಯ ಚೂರುಗಳಂತೆ ಕಂಡಿತು. ಗಂಟಲಲ್ಲಿ ಏನೋ ಕಟ್ಟಿಕೊಂಡಿತು. ಅದು ಭಕ್ತಿಯೆಂದು ಅವನು ಒಂದು ಕ್ಷಣ ನಂಬಿದ. ಮರುಕ್ಷಣವೇ ಅದು ಕೆಳಗಿಳಿದು ತನ್ನ ನಿಜವಾದ ಜಾಗವನ್ನು ಸೇರಿತು.

"ಬಲಮುರಿ ಶಂಖ ಇದ್ದಂಗೈತೆ ಅಲ್ವಾ?" ಎಂದಳು ಗುಂಪಿನಲ್ಲಿದ್ದ ಕದಿರಮ್ಮ.

ಹೌದಲ್ಲ ಎಂದು ಎಲ್ಲರೂ ಉದ್ಗರಿಸಿದರು. ಸುಳಿ ತಿರುಗಿದ್ದು ಬಲಕ್ಕೇ. ಹಾಗಿದ್ದರೆ ನಂದಕುಮಾರ್ ಈ ಸೀರೆಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಾರೆಂದು ಮಗ್ಗದ ಮೆಕಾನಿಕ್ ಕೊಂಡಪ್ಪ ಘೋಷಿಸಿದ. ಬೀದಿಯ ಯಾವ ಮಗ್ಗ ಓಡಿದರೂ ಅದು ತನ್ನಿಂದ, ನಿಂತರೆ ಅದು ಮಾಲೀಕನಿಂದ ಎನ್ನುವ ಜಾತಿಯ ಮನುಷ್ಯ ಈ ಕೊಂಡಪ್ಪ. ಆದರೆ ಈ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ನಂದಕುಮಾರ್ ಶಕುನ ನೋಡದೆ ಸೀನುವವರೂ ಅಲ್ಲ. ಅವರ ಅಂಗಡಿಯ ಪೂಜೆಯ ಗೂಡಿನಲ್ಲಿ ಬಲಮುರಿ ಶಂಖವಿತ್ತು. ಎಡಮುರಿಯನ್ನು ಕಂಡರೆ ಅವರು ಬೀದಿ ಬದಲಿಸುತ್ತಿದ್ದರು. ಹೋದ ವರ್ಷ ಯಾರೋ ತೋರಿಸಿದ ನವಿಲಿನ ಸೀರೆಯನ್ನು, ನವಿಲು ಹಿಂದಕ್ಕೆ ತಿರುಗಿ ನೋಡುತ್ತಿದೆ, ವ್ಯಾಪಾರ ಹಿಂದಕ್ಕೆ ಹೋಗುತ್ತದೆ ಎಂದು ಮುಟ್ಟದೆಯೇ ಬಿಟ್ಟುಹೋಗಿದ್ದರು.

"ಸೀನಣ್ಣ, ಬಿಂದಿಗೆ ತುಂಬಿ ಅರ್ಧ ಗಂಟೆ ಆಯ್ತು," ಎಂದು ಪದ್ಮಶ್ರೀ ಜಗಲಿಯಿಂದ ನಯವಾಗಿ ಹೇಳಿದಳು. ಗುಂಪು ತಿರುಗಿ ನೋಡಿತು. ಸೀನಪ್ಪ ಮೊಣಕಾಲವರೆಗೆ ನೆನೆದಿದ್ದ.

ಒದ್ದೆ ಪಂಚೆಯಲ್ಲಿ ಮನೆ ಸೇರಿ ಅವನು ಯೋಚಿಸುತ್ತ ಕುಳಿತ. ಬಲಮುರಿ. ಆಕಾಶಕ್ಕೂ ಸಹ ಶಿಷ್ಯನ ಕಡೆಗೇ ತಿರುಗಬೇಕೆನ್ನಿಸಿತಲ್ಲ. ಅದೇ ಸುಳಿ ಎಡಕ್ಕೆ ತಿರುಗಿದ್ದರೆ? ನಂದಕುಮಾರ್ ಎರಡು ಮಾರು ದೂರದಿಂದಲೇ ಕೈಮುಗಿದು, ಎಲ್ಲಪ್ಪಾ ನಿಮ್ಮ ಕಳಶ ಎಂದು ಈ ಕಡೆಗೆ ಬರುತ್ತಿದ್ದರು. ಯೋಚನೆ ಇಲ್ಲಿಯವರೆಗೆ ಬಂದಾಗ ಗಂಟೆ ಹನ್ನೊಂದಾಗಿ, ಎಂದಿನಂತೆ ಕರೆಂಟು ಹೋಯಿತು. ಬೀದಿಯ ಮೂವತ್ತೆರಡು ಮಗ್ಗಗಳೂ ಒಟ್ಟಿಗೆ ನಿಂತವು. ಇನ್ನು ಹನ್ನೆರಡೂವರೆಯವರೆಗೆ ಯಾರಿಗೂ ಕೆಲಸವಿಲ್ಲ. ಶೆಡ್ಡುಗಳಿಂದ ಹೊರಬಿದ್ದವರೆಲ್ಲ ಪಟಗಳ ಮುಂದೆ ಜಮಾಯಿಸಿದರು. ಪದ್ಮಶ್ರೀ ಮೊದಲಿನಿಂದ ಮತ್ತೆ ಓದತೊಡಗಿದಳು.

ಸೀನಪ್ಪ ಹಿತ್ತಲ ಬಾಗಿಲಿನಿಂದ ಹೊರಟ. ಮೂಲೆಮನೆ ಬಳಸಿಕೊಂಡು, ಹಿಂದಿನ ಓಣಿಯಲ್ಲಿ ಗೋಡೆಗಂಟಿಕೊಂಡು ನಡೆದು, ವೇಣುಗೋಪಾಲನ ಶೆಡ್ಡಿನ ಹಿಂಬಾಗಿಲನ್ನು ತಳ್ಳಿದ.

ಒಳಗೆ ಅರೆಗತ್ತಲು. ಮಗ್ಗದ ನೆತ್ತಿಯಲ್ಲಿ ಹೊಸ ಕಾರ್ಡುಗಳ ಹಾರ ತೂಗುತ್ತಿತ್ತು. ಏಣಿಯಿಟ್ಟು ಹತ್ತಿದ ಸೀನಪ್ಪನಿಗೆ ಮಾಡಬೇಕಾದದ್ದು ಸ್ಪಷ್ಟವಾಗಿತ್ತು. ಹಾರವನ್ನು ಬಿಚ್ಚಿ, ಒಳಮುಖವನ್ನು ಹೊರಕ್ಕೆ ಮಾಡಿ ಮತ್ತೆ ಕಟ್ಟಿದರೆ ಚಿತ್ತಾರದ ಎಡಬಲ ಅದಲುಬದಲಾಗುತ್ತದೆ. ಹೂವೋ ಮಾವೋ ಆಗಿದ್ದರೆ ಯಾರಿಗೂ ತಿಳಿಯದು. ಶಂಖದ ಸುಳಿಯಾದರೆ ಬಲಮುರಿ ಎಡಮುರಿಯಾಗುತ್ತದೆ.

ಇದರಲ್ಲೊಂದು ಸೂಕ್ಷ್ಮವಿತ್ತು. ಈ ಬಗೆಯ ಸೀರೆಯನ್ನು ನೇಯುವಾಗ ಅದರ ಮುಖ ಕೆಳಗಿರುತ್ತದೆ. ನೇಯುವವನ ಕಣ್ಣಿಗೆ ಕಾಣುವುದು ಬೆನ್ನು. ಹಾಗಾಗಿ ಗ್ರಾಫ್ ಬರೆಯುವವನು ಕಂಡದ್ದನ್ನು ಕಂಡಂತೆ ಬರೆಯಬಾರದು, ಎಡವನ್ನು ಬಲಕ್ಕೆ, ಬಲವನ್ನು ಎಡಕ್ಕೆ ಹಾಕಿ ಬರೆಯಬೇಕು. ಆಗ ಮಾತ್ರ ಮುಖದ ಮೇಲೆ ನೆಟ್ಟಗೆ ಬರುತ್ತದೆ. ಗ್ರಾಫು ಅಲ್ಲೇ ಗೋಡೆಯ ಮೊಳೆಗೆ ಸುರುಳಿಯಾಗಿ ತೂಗುತ್ತಿತ್ತು. ಅದನ್ನು ಬಿಚ್ಚಿ ನೋಡಿಬಿಡಲೇ ಎಂದು ಸೀನಪ್ಪನಿಗೆ ಒಮ್ಮೆ ಅನ್ನಿಸಿತು. ಆದರೆ ಶಿಷ್ಯನ ಕೈಬರಹವನ್ನು ಮೆಚ್ಚಬೇಕಾಗಿ ಬಂದರೆ ಎಂಬ ಭಯ ಅವನನ್ನು ತಡೆಯಿತು. ಮೇಲಾಗಿ, ಈ ಪಾಠವನ್ನು ಅವನು ವೇಣುಗೋಪಾಲನಿಗೆ ಮೊದಲ ದಿನವೇ ಕಪಾಳಕ್ಕೊಂದು ಬಿಗಿದು ಕಲಿಸಿದ್ದ. ಅದನ್ನು ಮರೆಯುವ ಶಿಷ್ಯ ಇನ್ನೂ ಹುಟ್ಟಿರಲಿಲ್ಲ.

ನೂರಿಪ್ಪತ್ತು ಕಾರ್ಡುಗಳ ಹಾರ ಅದು. ಬಿಚ್ಚಿದ, ತಿರುವಿದ, ಮತ್ತೆ ಕಟ್ಟಿದ. ಬೆರಳುಗಳು ಕಳ್ಳಕೆಲಸ ಮಾಡುತ್ತಿದ್ದರೂ ಅಭ್ಯಾಸಬಲದಿಂದ ಅಚ್ಚುಕಟ್ಟಾಗಿಯೇ ಮಾಡಿದವು; ಕೊಂಡಪ್ಪ ಸಡಿಲ ಬಿಟ್ಟಿದ್ದ ಎರಡು ಕಾರ್ಡುಗಳನ್ನು ಬಿಗಿಗೊಳಿಸಿದವು ಕೂಡ. ಕಡೆಯ ಗಂಟು ಹಾಕುವಾಗ ಕೆಳಗೆ ಸದ್ದಾಯಿತು. ನಶ್ಯದ ಡಬ್ಬಿ ಮರೆತುಹೋಗಿದ್ದ ಕದಿರಮ್ಮ ಒಳಗೆ ಬಂದು, ತಲೆಯೆತ್ತಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರು, ಸೀನಪ್ಪನಾ? ಅಲ್ಲೇನ್ ಮಾಡ್ತಿದ್ದೀಯಪ್ಪಾ?"

"ಬೆಕ್ಕು ಕಳೆದೋಗಿದೆ. ಹುಡುಕ್ತಾ ಇದ್ದೀನಿ."

ಬೆಕ್ಕು ಮೇಲೆಯೇ ಹತ್ತುವುದು, ಒಳ್ಳೆಯ ಜಾಗದಲ್ಲೇ ಹುಡುಕುತ್ತಿದ್ದೀಯ ಎಂದು ಒಪ್ಪಿ, ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಹೊರಟುಹೋದಳು. ಸೀನಪ್ಪ ಏಣಿಯ ಎರಡನೆಯ ಮೆಟ್ಟಿಲಿಗೆ ಇಳಿಯುವಷ್ಟರಲ್ಲಿ, ಯಾವ ಪುಣ್ಯಾತ್ಮನ ಉತ್ಸಾಹವೋ ಏನೋ, ಕರೆಂಟು ಅರ್ಧ ಗಂಟೆ ಮುಂಚಿತವಾಗಿಯೇ ಬಂದುಬಿಟ್ಟಿತು. ಪಕ್ಕದ ಶೆಡ್ಡಿನಲ್ಲಿ ಯಾರೋ ಸ್ವಿಚ್ಚು ಆರಿಸದೆ ಹೋಗಿದ್ದ ಮಗ್ಗ ಗುಡುಗಿನಂತೆ ಎದ್ದಿತು. ಸೀನಪ್ಪ ಏಣಿ ಬಿಟ್ಟು ನೇರವಾಗಿ ನೇರಳೆ ನೂಲಿನ ಉಂಡೆಗಳ ಬುಟ್ಟಿಯೊಳಕ್ಕೆ ಕುಳಿತ. ಎದ್ದು, ಓಣಿ ಹಿಡಿದು, ಮೂಲೆಮನೆ ಬಳಸಿ, ತನ್ನ ಹಿತ್ತಲಿಗೆ ಓಡಿ ಬಂದು ಬಾಗಿಲು ಹಾಕಿಕೊಂಡ.

ವರಲಕ್ಷ್ಮಮ್ಮ ಅವನ ಬೆನ್ನ ಹಿಂದೆ ನೋಡುತ್ತಿದ್ದಳು. ಪಂಚೆಯ ತುದಿಯಿಂದ ನೇರಳೆ ಬಣ್ಣದ ಎಳೆಯೊಂದು ಹೊರಟು, ಬಾಗಿಲ ಸಂದಿನಲ್ಲಿ ತೂರಿ, ಓಣಿಯ ಉದ್ದಕ್ಕೂ ಸಾಗಿತ್ತು. ಅವಳು ಪಂಚೆಯಿಂದ ಅದನ್ನು ಬಿಡಿಸಿ, ಎಳೆದೆಳೆದು, ನಾಲ್ಕು ಬೆರಳಿಗೆ ಸುತ್ತಿ ಸುತ್ತಿ, ತುಂಬಾ ಹೊತ್ತಿನ ಮೇಲೆ ಎಳೆ ಕಡಿದಾಗ ಆ ಉಂಡೆಯನ್ನು ಗೂಡಿನಲ್ಲಿಟ್ಟಳು. ಊಟಕ್ಕೆ ಎಲೆ ಹಾಕಿದಳು. ಅಂದು ಸೀನಪ್ಪ ಎರಡು ಮುದ್ದೆ ಉಂಡು, ಸಾರು ಸೊಗಸಾಗಿದೆಯೆಂದು ಹೊಗಳಿ, ಒಂದು ಗಂಟೆ ನಿದ್ದೆಯನ್ನೂ ಮಾಡಿದ.

ನಾಲ್ಕು ಗಂಟೆಗೆ ಸರಿಯಾಗಿ ನಂದಕುಮಾರರ ಬಿಳಿಯ ಕಾರು ಬಂತು. ಅವರು ವೇಣುಗೋಪಾಲನ ಜಗಲಿಯ ಮೇಲೆಯೇ ಕುಳಿತರು; ಪಟಗಳನ್ನು ನೋಡುವ ಆಸೆ ಅವರಿಗೂ ತಟ್ಟಿತ್ತು. ಸೀನಪ್ಪ ಇಸ್ತ್ರಿಯ ಪಂಚೆಯುಟ್ಟು, ಕಳಶದ ಸ್ಯಾಂಪಲ್ ಹಿಡಿದು, ಹೊಟ್ಟೆ ತುಂಬಿದವನ ಉದಾರತೆಯಿಂದ ಪಟಗಳ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೊಗಳಿದ. ಕೆಂಪು ಮೋಡ ಚೆನ್ನಾಗಿದೆ ಎಂದ. ಸುಳಿಯಂತೂ ಬಹಳ ಚೆನ್ನಾಗಿದೆ ಎಂದ. ವೇಣುಗೋಪಾಲ ಮಾತ್ರ ಸತ್ತ ಮೀನಿನಂತೆ ಬಿಳಿಚಿಕೊಂಡಿದ್ದ. ಅದನ್ನು ಕಂಡು ಸೀನಪ್ಪನಿಗೆ ಇನ್ನಷ್ಟು ಹೊಗಳುವ ಹುಮ್ಮಸ್ಸು ಬಂತು.

ಕಳಶವನ್ನು ನಂದಕುಮಾರ್ ಬೆರಳಿನಿಂದ ಸವರಿ, ಯಾವಾಗಿನಂತೆಯೇ ಚೆನ್ನಾಗಿದೆ ಎಂದು ಪಕ್ಕಕ್ಕಿಟ್ಟರು. ಯಾವಾಗಿನಂತೆಯೇ ಎಂಬ ಮಾತು ಸೀನಪ್ಪನಿಗೆ ಸ್ವಲ್ಪ ಚುಚ್ಚಿತು. ಆಮೇಲೆ ವೇಣುಗೋಪಾಲ ತನ್ನ ಸ್ಯಾಂಪಲ್ಲಿನ ಸೆರಗನ್ನು ಬಿಡಿಸಿ ಹರವಿದ.

ನಂದಕುಮಾರ್ ಎದ್ದು ನಿಂತರು. ಚಪ್ಪಲಿಯನ್ನು ಕಳಚಿ ದೂರ ತಳ್ಳಿದರು. ಕೈಮುಗಿದರು.

"ಬಲಮುರಿ," ಎಂದರು. "ಸಾಕ್ಷಾತ್ ಲಕ್ಷ್ಮಿ ಬಂದಂಗಾಯ್ತಲ್ಲಪ್ಪ ಮನೆಗೆ."

ಸೀನಪ್ಪ ಗುಂಪನ್ನು ತಳ್ಳಿಕೊಂಡು ಮುಂದೆ ಬಂದ. ನೇರಳೆಗಪ್ಪು ನೆಲದ ಮೇಲೆ ಬೆಳ್ಳಿಯ ಜರಿಯಲ್ಲಿ ಸುಳಿ ಬಿಚ್ಚಿಕೊಂಡಿತ್ತು. ತೋಳುಗಳು ಬಲಕ್ಕೇ ತಿರುಗಿದ್ದವು. ಸೆರಗನ್ನು ಕಿತ್ತುಕೊಂಡು ಮಗುಚಿದ. ಬೆನ್ನಿನಲ್ಲಿ ಎಡಮುರಿ. ಮತ್ತೆ ಮಗುಚಿದ. ಮುಖದಲ್ಲಿ ಬಲಮುರಿ. ಎಷ್ಟು ಸಲ ಮಗುಚಿದರೂ ನಕ್ಷತ್ರಗಳು ಹಟ ಬಿಡಲಿಲ್ಲ. ತಾನು ಹಾರ ತಿರುಗಿಸಿದ್ದು ಕನಸಿನಲ್ಲೇ ಎಂದು ಅವನಿಗೆ ಅನುಮಾನವಾಯಿತು.

ಇದೇ ದೀಪಾವಳಿ ಸೀರೆ ಎಂದರು ನಂದಕುಮಾರ್. ಗ್ರಾಫನ್ನು ಈಗಲೇ ಕೊಟ್ಟರೆ ಮೂವತ್ತೆರಡು ಮಗ್ಗಕ್ಕೂ ಕಾರ್ಡು ಹೊಡೆಸಲು ಕಳುಹಿಸುವುದಾಗಿ ಹೇಳಿದರು. ಆ ಮಾತಿಗೆ ವೇಣುಗೋಪಾಲನ ಕಣ್ಣು ತುಂಬಿಬಂತು.

"ಆ ಗ್ರಾಫ್ ಕೊಡೋ ಹಾಗಿಲ್ಲ ಸಾರ್. ಅದು ತಪ್ಪು." ಅವನು ಸೀನಪ್ಪನ ಕಡೆ ತಿರುಗಿದ. "ಗುರುಗಳೇ, ಎಡಬಲ ಬದಲಾಯಿಸಿ ಬರೀಬೇಕು ಅಂತ ಮೊದಲನೇ ದಿನವೇ ಹೇಳ್ಕೊಟ್ಟಿದ್ರಿ. ಆ ಪಟ ನೋಡ್ತಾ ನೋಡ್ತಾ ನಂಗೆ ಮಗ್ಗವೇ ಮರೆತೋಯ್ತು. ಕಂಡ ಹಾಗೇ ಬರೆದ್ಬಿಟ್ಟೆ. ಅದರ ಪ್ರಕಾರ ಮುಖದ ಮೇಲೆ ಎಡಮುರಿ ಬರ್ಬೇಕಿತ್ತು. ಎರಡು ಗಂಟೆಗೆ ಗ್ರಾಫ್ ತೆಗೆದು ನೋಡಿದಾಗ ಗೊತ್ತಾಯ್ತು, ಜೀವವೇ ಹೋದಂಗಾಯ್ತು. ಬಟ್ಟೆ ಮಾತ್ರ ಸರಿಯಾಗೇ ಬಂದಿದೆ. ಹೇಗೆ ಬಂತೋ ಆ ದೇವರಿಗೇ ಗೊತ್ತು."

ಸೀನಪ್ಪನಿಗೆ ಲೆಕ್ಕ ಹೊಳೆಯಿತು. ಶಿಷ್ಯನ ತಪ್ಪು ಒಂದು ಸಲ ತಿರುಗಿಸಿತ್ತು; ತನ್ನ ಕಿಚ್ಚು ಎರಡನೆಯ ಸಲ ತಿರುಗಿಸಿತ್ತು. ಆ ಹೊತ್ತು ತಾನು ಮನೆಯಲ್ಲಿ ಸುಮ್ಮನೆ ಗೊರಕೆ ಹೊಡೆದಿದ್ದರೆ, ಎಡಮುರಿ ತಾನಾಗಿಯೇ ಬಂದು, ಕಳಶ ಈಗ ನಂದಕುಮಾರರ ತೊಡೆಯ ಮೇಲಿರುತ್ತಿತ್ತು.

ಅಷ್ಟರಲ್ಲಿ ಕೊಂಡಪ್ಪ ಗಂಟಲು ಸರಿಪಡಿಸಿಕೊಂಡು ಮುಂದೆ ಬಂದ.

"ದೇವರನ್ನ ಯಾಕಪ್ಪಾ ಎಳೀತೀಯ. ಕಾರ್ಡು ಕಟ್ಟೋವಾಗ ನಂಗೆ ಅನುಮಾನ ಬಂತು. ಹುಡುಗ ಎಡವಟ್ಟು ಮಾಡ್ಕೊಂಡವ್ನೆ ಅಂತ ನಾನೇ ತಿರುಗಿಸಿ ಕಟ್ದೆ. ಹೇಳ್ಕೊಳ್ಳೋದ್ಯಾಕೆ ಅಂತ ಸುಮ್ನಿದ್ದೆ."

ಗುಂಪಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ನಂದಕುಮಾರ್ ತಮ್ಮ ಹೆಗಲ ಮೇಲಿದ್ದ ರೇಷ್ಮೆಯ ಶಾಲನ್ನು ತೆಗೆದು ಕೊಂಡಪ್ಪನಿಗೆ ಹೊದಿಸಿದರು. ಕೊಂಡಪ್ಪ ಅದರ ಅಂಚನ್ನು ಸವರಿಕೊಂಡು, ಗೋಡೆಯ ಮೇಲಿನ ನಕ್ಷತ್ರಗಳನ್ನೂ ತಾನೇ ಬಿಗಿದು ಕೂರಿಸಿದವನಂತೆ ನಿಂತ.

ಆಕಾಶದ ಸುಳಿಯನ್ನು ಸೀನಪ್ಪ ಸಹಿಸಿದ್ದ. ಶಿಷ್ಯನ ಗೆಲುವನ್ನೂ ಹಲ್ಲು ಕಚ್ಚಿ ಸಹಿಸುತ್ತಿದ್ದ. ಕೊಂಡಪ್ಪನ ಹೆಗಲ ಮೇಲಿನ ಶಾಲನ್ನು ಸಹಿಸುವ ಶಕ್ತಿಯನ್ನು ಭಗವಂತ ಅವನಿಗೆ ಕೊಟ್ಟಿರಲಿಲ್ಲ.

"ತಿರುಗಿಸಿದ್ದು ನಾನು," ಎಂದ.

ಕೊಂಡಪ್ಪ ನಕ್ಕ. "ಏನ್ ಸೀನಣ್ಣ, ಇದಕ್ಕೂ ನಿನ್ನ ಹೆಸರೇ ಬೇಕಾ?"

"ನಿನ್ನ ಗಂಟು ಎಮ್ಮೆ ಕಟ್ಟೋ ಗಂಟು ಕಣೋ. ಆ ಹಾರದ ಕಡೇ ಗಂಟು ಹೋಗಿ ನೋಡಿ. ಎರಡು ಸುತ್ತು, ಒಂದು ಮಡಿಕೆ. ಈ ಊರಲ್ಲಿ ಆ ಗಂಟು ಹಾಕೋ ಕೈ ಇನ್ನೊಂದು ತೋರಿಸಿ, ನಾನು ಗ್ರಾಫ್ ಬರೆಯೋದನ್ನೇ ಬಿಟ್ಬಿಡ್ತೀನಿ."

ಎಲ್ಲರೂ ಶೆಡ್ಡಿಗೆ ನಡೆದರು. ಸೀನಪ್ಪ ಮುಂದೆ ಮುಂದೆ ನಡೆದು, ತಾನೇ ಏಣಿಯಿಟ್ಟು, ತಾನೇ ಹತ್ತಿ, ತನ್ನ ಗಂಟನ್ನು ಹೆಮ್ಮೆಯಿಂದ ಎತ್ತಿ ತೋರಿಸಿದ. ಎರಡು ಸುತ್ತು, ಒಂದು ಮಡಿಕೆ. ಸಾಕ್ಷಿಗೆ ಕದಿರಮ್ಮನೂ ಒದಗಿದಳು. ಕರೆಂಟು ಹೋದಾಗ ಇವನು ಇದೇ ಏಣಿಯ ಮೇಲಿದ್ದನೆಂದೂ, ಬೆಕ್ಕು ಹುಡುಕುತ್ತೇನೆಂದು ತನಗೆ ಹೇಳಿದನೆಂದೂ ಅವಳು ಹೇಳಿದಳು. ಸೀನಪ್ಪನವರ ಮನೆಯಲ್ಲಿ ಬೆಕ್ಕೇ ಇಲ್ಲವಲ್ಲ ಎಂದು ಯಾರೋ ಹಿಂದಿನಿಂದ ಅಂದರು.

ಕೊಂಡಪ್ಪ ಸುಳ್ಳುಗಾರನೆಂದು ಸಾಬೀತಾಯಿತು, ನಿಜ. ಆದರೆ ಏಣಿಯ ತುದಿಯಲ್ಲಿ, ಬೇರೊಬ್ಬನ ಮಗ್ಗದ ಮೇಲೆ, ಯಾರೂ ಕರೆಯದೆ ಹತ್ತಿದವನ ಗುರುತನ್ನು ಕೈಯಲ್ಲಿ ಹಿಡಿದು ನಿಂತಿದ್ದ ಸೀನಪ್ಪನಿಗೆ, ತಾನೀಗ ಸಾಬೀತುಪಡಿಸಿದ್ದು ಏನನ್ನೆಂಬುದು ಮೆಲ್ಲನೆ ಹೊಳೆಯತೊಡಗಿತು. ಕ್ಷಣಹೊತ್ತು ಅವನಿಗೆ ಕೆಳಗಿನ ಮುಖಗಳೆಲ್ಲ ಬಲು ದೂರದಲ್ಲಿ ಕಂಡವು.

ಮೊದಲು ಅಲುಗಾಡಿದವನು ವೇಣುಗೋಪಾಲ. ಬಂದು ಏಣಿಯ ಬುಡದಲ್ಲಿ, ಕೈಗೆಟುಕಿದ ಸೀನಪ್ಪನ ಒಂದು ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ನಿಮ್ಮ ಕಳಶ ಸ್ಪರ್ಧೆಯಲ್ಲಿತ್ತು ಗುರುಗಳೇ. ನೀವು ಸುಮ್ನಿದ್ದಿದ್ರೆ ಸಾಕಿತ್ತು, ನಾನು ಮುಳುಗಿಹೋಗ್ತಿದ್ದೆ. ನಾಲ್ಕು ಜನರ ಮುಂದೆ ನಂಗೆ ಅವಮಾನ ಆಗ್ಬಾರ್ದು ಅಂತ ಕದ್ದು ಬಂದು ತಿದ್ದಿದ್ದೀರಿ. ಬೆಕ್ಕಿನ ನೆಪ ಬೇರೆ ಹೇಳಿದ್ದೀರಿ."

ಪದ್ಮಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥ ಮನುಷ್ಯನನ್ನು ಅನುಮಾನಿಸಿದೆವಲ್ಲ ಎಂಬ ಲಜ್ಜೆಯಿಂದ ಬೀದಿಗೆ ಬೀದಿಯೇ ತಲೆತಗ್ಗಿಸಿತು. ಬೆಳಿಗ್ಗೆ ನಲ್ಲಿಯ ಬಳಿ ಮೈಮರೆತು ನಿಂತಿದ್ದೂ ಅದಕ್ಕೇ, ಆಗಲೇ ಇವನಿಗೆ ಹೊಳೆದಿತ್ತು ಎಂದು ಕದಿರಮ್ಮ ವಿವರಿಸಿದಳು. ನಂದಕುಮಾರ್ ಇನ್ನು ಮುಂದಿನ ಏರ್ಪಾಡನ್ನು ಅಲ್ಲೇ ನಿಂತು ಹೇಳಿಬಿಟ್ಟರು. ಗೋಡೆಯ ಮೇಲಿನ ಆರು ಪಟಗಳೂ ಒಂದಾದ ಮೇಲೊಂದರಂತೆ ಆರು ವರ್ಷ ದೀಪಾವಳಿ ಸೀರೆಗೆ ಬರಬೇಕು. ಬರೆಯುವವನು ವೇಣುಗೋಪಾಲ, ಹೆಸರು ಅವನದು. ಆದರೆ ಸೀನಪ್ಪನವರು ಚೌಕಳಿಯ ಮನೆ ಮನೆ ಎಣಿಸಿ ತಿದ್ದದೆ ಒಂದು ಗ್ರಾಫೂ ಹೊರಗೆ ಹೋಗಕೂಡದು. ಮೊದಲಿಗೆ ಈ ಸುಳಿಯದನ್ನೇ ಇವತ್ತು ಹೊಸದಾಗಿ ಬರೆದುಕೊಡಬೇಕು.

"ಗುರು ಅಂದ್ರೆ ಹೀಗಿರ್ಬೇಕು," ಎಂದರು. "ನಿಮ್ಮ ಕಳಶ ಎಲ್ಲೂ ಹೋಗಲ್ಲ ಸೀನಪ್ಪನೋರೇ. ಏಳನೇ ವರ್ಷಕ್ಕೆ ನೋಡೋಣ."

ಶಾಲಿನ ವಿಷಯ ಯಾರೋ ನೆನಪಿಸಿದರು. ಒಮ್ಮೆ ಹೊದಿಸಿದ್ದನ್ನು ತೆಗೆಯುವುದು ಶುಭವಲ್ಲ ಎಂದು ನಂದಕುಮಾರ್ ಅಂದದ್ದರಿಂದ ಅದು ಕೊಂಡಪ್ಪನ ಹೆಗಲ ಮೇಲೆಯೇ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ಸೀನಪ್ಪ ತನ್ನ ಮೇಜಿನ ಮುಂದೆ ಕುಳಿತಿದ್ದ. ಎಡಗಡೆಗೆ ಚೌಕಳಿಯ ಹಾಳೆ, ಬಲಗಡೆಗೆ ವೇಣುಗೋಪಾಲ ಗೋಡೆಯಿಂದ ಬಿಡಿಸಿ, ಅರಿಶಿನ ಕುಂಕುಮವಿಟ್ಟು ತಂದುಕೊಟ್ಟಿದ್ದ ಪಟ. ವರಲಕ್ಷ್ಮಮ್ಮ ಕಾಫಿ ತಂದಿಟ್ಟಳು.

"ಉಪಕಾರ ಮಾಡೋಕೆ ಹಿತ್ತಲ ಬಾಗಿಲಿಂದ ಹೋಗಿದ್ದು ನಾನು ಇದೇ ಮೊದಲು ನೋಡಿದ್ದು," ಎಂದಳು.

ದಾರ ಎಣಿಸುವ ಭೂತಗನ್ನಡಿಯನ್ನು ಹಿಡಿದು ಸೀನಪ್ಪ ಪಟದ ಮೇಲೆ ಬಾಗಿದ್ದ. ಬೆಳಿಗ್ಗೆ ನಲ್ಲಿಯಿಂದ ಕಂಡದ್ದು ಏನೂ ಅಲ್ಲ. ಒಂದೇ ಚುಕ್ಕೆಯೆಂದುಕೊಂಡದ್ದು ಹತ್ತಾಗುತ್ತಿತ್ತು. ಹತ್ತರ ನಡುವಿನ ಕಪ್ಪಿನಲ್ಲಿ ಮತ್ತೆ ನೂರು ಧೂಳಿನಂತೆ ಏಳುತ್ತಿದ್ದವು. ನೀಲಿ ಎಲ್ಲಿ ಮುಗಿದು ಬೆಳ್ಳಿ ಎಲ್ಲಿ ಮೊದಲಾಯಿತೆಂಬುದು ಗೊತ್ತಾಗದ ಹಾಗೆ ಒಂದರೊಳಗೊಂದು ಸೇರಿಹೋಗಿತ್ತು. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೀಗೆ ಜಾರಲು ಅವನು ಹದಿನೆಂಟು ವರ್ಷದಿಂದ ಹೆಣಗಿದ್ದ. ಪ್ರತಿ ಸಲವೂ ಎಲ್ಲೋ ಒಂದು ಮೆಟ್ಟಿಲು ಉಳಿದುಬಿಡುತ್ತಿತ್ತು. ಇಲ್ಲಿ ಮೆಟ್ಟಿಲೇ ಇರಲಿಲ್ಲ. ಯಾರ ಕೈಯೋ ಚೌಕಳಿಯಿಲ್ಲದೆ, ಎಣಿಕೆಯಿಲ್ಲದೆ, ನಂದಕುಮಾರರ ಭಯವಿಲ್ಲದೆ ಇದನ್ನು ಬಿಡಿಸಿ ಎಸೆದು ಹೋಗಿತ್ತು. ವೇಣುಗೋಪಾಲನನ್ನೂ ಕೊಂಡಪ್ಪನನ್ನೂ ಅವನು ಅಷ್ಟು ಹೊತ್ತಿಗೆ ಪೂರ್ತಿ ಮರೆತಿದ್ದ. ಹೊಟ್ಟೆಯೊಳಗಿನ ಮಗ್ಗ ಮಾತ್ರ ಬೆಳಗಿಗಿಂತ ಜೋರಾಗಿ ಓಡುತ್ತಿತ್ತು.

"ಒಂದು ಗಂಟೆಯಿಂದ ಒಂದು ಗೀಟೂ ಎಳೆದಿಲ್ಲ," ಎಂದಳು ವರಲಕ್ಷ್ಮಮ್ಮ. "ಏನ್ರೀ ಹುಡುಕ್ತಿದ್ದೀರಿ ಅದರಲ್ಲಿ?"

"ತಪ್ಪು."

"ಸಿಕ್ತಾ?"

ಸೀನಪ್ಪ ಪಟವನ್ನು ತಲೆಕೆಳಗು ಮಾಡಿಟ್ಟುಕೊಂಡು, ದೀಪವನ್ನು ಹತ್ತಿರಕ್ಕೆ ಎಳೆದು, ಮತ್ತೆ ಮೊದಲಿನಿಂದ ಹುಡುಕತೊಡಗಿದ.